ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ತಕ್ಕಡಿ ಹಿಡಿದ ತಾಯಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ನನಗೆ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನ್ಯಾಯಪೀಠಕ್ಕೆ ಹೆಣ್ಣುಮಕ್ಕಳು ಇನ್ನೂ ಜಾಸ್ತಿ ಬರಬೇಕು ಅನ್ನುತ್ತೀರಿ. ನನ್ನ ಮಾತೂ ಅದೇ. ನಾನು ಒಪ್ಪದಿರುವುದು ನೀವು ಕೊಟ್ಟ ಕಾರಣವನ್ನು. ಹೆಣ್ಣಿಗೆ ತಾಯಿಕರುಳಿದೆ, ಆಕೆಯ ತೀರ್ಪಿನಲ್ಲಿ ಕರುಣೆ ಇರುತ್ತದೆ, ಹೆಣ್ಣಿನ ನೋವು ಗಂಡಸಾದ ಜಡ್ಜ್‌ಗೆ ಅರ್ಥವಾಗುವುದಿಲ್ಲ ಎಂದು ಬೇರೆ ಬೇರೆ ಮಾತುಗಳಲ್ಲಿ ಒಂಬತ್ತು ಕಡೆ ಬರೆದಿದ್ದೀರಿ. ಈ ವಾದ ಕೇಳಲು ಹಿತವಾಗಿದೆ, ಆದರೆ ಒಂದು ಪ್ರಶ್ನೆಗೂ ತಡೆಯುವುದಿಲ್ಲ.

2018ರ ಶಬರಿಮಲೆ ತೀರ್ಪನ್ನೇ ನೋಡಿ. ಐವರ ಪೀಠದಲ್ಲಿ ಇದ್ದ ಒಬ್ಬರೇ ಮಹಿಳೆ ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಎಲ್ಲ ವಯಸ್ಸಿನ ಹೆಂಗಸರಿಗೂ ಪ್ರವೇಶ ಕೊಡಿ ಎಂದವರು ನಾಲ್ವರು ಗಂಡಸರು. ಭಿನ್ನ ತೀರ್ಪು ಬರೆದವರು ಮಲ್ಹೋತ್ರಾ ಒಬ್ಬರೇ. ಧರ್ಮದ ಆಚರಣೆಯಲ್ಲಿ ಯಾವುದು ಮುಖ್ಯ ಎಂದು ಆ ಸಮುದಾಯ ಹೇಳಬೇಕು, ಕೋರ್ಟ್ ಅಲ್ಲ ಎಂಬುದು ಅವರ ನಿಲುವು. ಒಪ್ಪುವುದು ಬಿಡುವುದು ಬೇರೆ ಮಾತು. ನಿಮ್ಮ ತಾಯಿಕರುಳಿನ ಲೆಕ್ಕದಲ್ಲಿ ಅವರನ್ನು ಎಲ್ಲಿಡುತ್ತೀರಿ?

ಇನ್ನೊಂದು. ಮಧ್ಯಪ್ರದೇಶದಲ್ಲಿ ಲೈಂಗಿಕ ಕಿರುಕುಳದ ಆರೋಪಿಗೆ ಜಾಮೀನು ಕೊಡುವಾಗ, ದೂರು ಕೊಟ್ಟ ಮಹಿಳೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕು ಎಂದು ಹೈಕೋರ್ಟ್ ಷರತ್ತು ಹಾಕಿತ್ತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಪೀಠದಲ್ಲಿದ್ದ ಇಬ್ಬರೂ ಗಂಡಸರೇ. ಅಂದರೆ ಕಲಿಯಲು ಮನಸ್ಸಿದ್ದರೆ ಯಾರಿಗಾದರೂ ಅರ್ಥವಾಗುತ್ತದೆ, ಅಲ್ವಾ? ‘ನಮಗೆ ಅರ್ಥವಾಗುವುದಿಲ್ಲ’ ಅನ್ನುವ ನೆಪವನ್ನು ದಯವಿಟ್ಟು ಗಂಡಸರ ಕೈಗೆ ಕೊಡಬೇಡಿ.

ಈ ವಾದ ಮಹಿಳಾ ನ್ಯಾಯಮೂರ್ತಿಗಳನ್ನೂ ಚಿಕ್ಕವರನ್ನಾಗಿ ಮಾಡುತ್ತದೆ. 2023ರ ಜನವರಿಯಲ್ಲಿ ನೋಟು ರದ್ದತಿ ಪ್ರಕರಣದ ಐವರ ಪೀಠದಲ್ಲಿ ಒಬ್ಬರೇ ಬೇರೆ ಅಭಿಪ್ರಾಯ ಬರೆದವರು ಬಿ.ವಿ. ನಾಗರತ್ನ. ಅಲ್ಲಿದ್ದ ಪ್ರಶ್ನೆ ರಿಸರ್ವ್ ಬ್ಯಾಂಕ್ ಕಾಯ್ದೆಯದು, ಸಂಸತ್ತಿನ ಅಧಿಕಾರದ್ದು. ಕರುಣೆಗೂ ಅದಕ್ಕೂ ಏನು ಸಂಬಂಧ? ನಿಮ್ಮ ಲೇಖನದಲ್ಲಿ ಹೆಣ್ಣಾದವಳು ಮಕ್ಕಳ ಸುಪರ್ದಿ, ವಿಚ್ಛೇದನ, ಅತ್ಯಾಚಾರದ ಕೇಸುಗಳನ್ನು ಮಾತ್ರ ಕೇಳುತ್ತಾಳೆ. ನಿಜದಲ್ಲಿ ತೆರಿಗೆ, ಗಣಿ, ಚುನಾವಣೆ, ಜಮೀನು ಎಲ್ಲವೂ ಅವಳ ಮುಂದೆ ಬರುತ್ತವೆ.

ಹಾಗಾದರೆ ಯಾವ ಕಾರಣಕ್ಕೆ ಬೇಕು? ನನ್ನ ಉತ್ತರ ತುಂಬ ಸರಳ. ಕೋರ್ಟ್ ಎಲ್ಲರದು. ಅಲ್ಲಿಂದ ಅರ್ಧ ಜನರನ್ನು ಕಾನೂನಿನ ಹೆಸರಿನಲ್ಲೇ ಹೊರಗಿಡಲಾಗಿತ್ತು. 1916ರಲ್ಲಿ ರೆಜಿನಾ ಗುಹಾ ವಕೀಲಿಕೆಗೆ ಅರ್ಜಿ ಹಾಕಿದಾಗ ಕಲ್ಕತ್ತಾ ಹೈಕೋರ್ಟ್ ಒಪ್ಪಲಿಲ್ಲ. ಕಾಯ್ದೆಯಲ್ಲಿ ‘ವ್ಯಕ್ತಿ’ ಎಂದಿದ್ದರೂ ಅದರಲ್ಲಿ ಹೆಂಗಸರು ಸೇರುವುದಿಲ್ಲ ಅಂದಿತು. ಬಾಗಿಲು ತೆರೆಯಲು 1923ರಲ್ಲಿ ಬೇರೆಯೇ ಕಾಯ್ದೆ ಬರಬೇಕಾಯಿತು. ಹೀಗೆ ಹೊರಗೆ ನಿಂತವರು ಒಳಗೆ ಬರಲು ‘ನಾನು ಹೆಚ್ಚು ಒಳ್ಳೆಯವಳು’ ಎಂದು ಸಾಬೀತು ಮಾಡಬೇಕಾಗಿಲ್ಲ. ಗಂಡಸರನ್ನು ಯಾರೂ ಹಾಗೆ ಕೇಳಿಲ್ಲ.

ಒಂದೆರಡು ತಿದ್ದುಪಡಿ. ಫಾತಿಮಾ ಬೀವಿ ಅವರನ್ನು ‘ದೇಶದ ಮೊದಲ ಮಹಿಳಾ ನ್ಯಾಯಾಧೀಶೆ’ ಎಂದು ಬರೆದಿದ್ದೀರಿ. ಅವರು ಸುಪ್ರೀಂ ಕೋರ್ಟಿನ ಮೊದಲಿಗರು, 1989ರ ಅಕ್ಟೋಬರ್‌ನಲ್ಲಿ. ಅದಕ್ಕೂ ತುಂಬ ಮೊದಲು, 1937ರಲ್ಲೇ, ಅನ್ನಾ ಚಾಂಡಿ ತಿರುವಾಂಕೂರಿನಲ್ಲಿ ಮುನ್ಸೀಫ್, ಅಂದರೆ ಕೆಳಹಂತದ ಕೋರ್ಟಿನ ಜಡ್ಜ್, ಆಗಿದ್ದರು. 1959ರಲ್ಲಿ ಕೇರಳ ಹೈಕೋರ್ಟಿಗೆ ಬಂದರು. ‘ಮಹಿಳಾ ನ್ಯಾಯಾಧೀಶೆ’ ಅನ್ನುವುದರಲ್ಲಿ ಹೆಣ್ಣು ಎರಡು ಸಲ ಬಂತು, ಒಂದು ಸಾಕು. ಹೈಕೋರ್ಟ್, ಸುಪ್ರೀಂ ಕೋರ್ಟಿನವರನ್ನು ನ್ಯಾಯಮೂರ್ತಿ ಎಂದೇ ಬರೆಯಿರಿ.

ನೀವು ಗಮನಿಸದ ಒಂದು ಸಂಗತಿ ಇದೆ. ಫಾತಿಮಾ ಬೀವಿ ಸುಪ್ರೀಂ ಕೋರ್ಟಿಗೆ ಬಂದಾಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮ ಇ.ಎಸ್. ವೆಂಕಟರಾಮಯ್ಯ. ಮೇಲೆ ಹೇಳಿದ ನಾಗರತ್ನ ಈ ವೆಂಕಟರಾಮಯ್ಯನವರ ಮಗಳು. ಹಿರಿತನದ ಲೆಕ್ಕ ಹೀಗೇ ನಡೆದರೆ 2027ರ ಸೆಪ್ಟೆಂಬರ್‌ನಲ್ಲಿ ಆ ಕುರ್ಚಿಗೆ ಬರುವ ಮೊದಲ ಮಹಿಳೆ ಅವರೇ. ಅವಧಿ 36 ದಿನ ಅಷ್ಟೇ. ಯಾಕಿಷ್ಟು ಕಡಿಮೆ ಎಂದು ನಿಮ್ಮ ಓದುಗರು ಕೇಳುತ್ತಾರೆ, ಉತ್ತರ ನೀವು ಕೊಡಬೇಕು. ಸುಪ್ರೀಂ ಕೋರ್ಟಿಗೆ ಯಾವ ದಿನ ಬಂದರು ಅನ್ನುವುದರ ಮೇಲೆ ಹಿರಿತನ. 65ಕ್ಕೆ ನಿವೃತ್ತಿ. ತಡವಾಗಿ ಕರೆದರೆ ಮೇಲೆ ಏರುವಷ್ಟು ವರ್ಷ ಉಳಿಯುವುದೇ ಇಲ್ಲ.

ಅಂಕಿ ಬೇಕಿದ್ದರೆ ಇಷ್ಟು ಸಾಕು. ಸುಪ್ರೀಂ ಕೋರ್ಟ್ 2023ರಲ್ಲಿ ಹೊರತಂದ ವರದಿಯಂತೆ ಜಿಲ್ಲಾ ಮಟ್ಟದಲ್ಲಿ ಮಹಿಳೆಯರು ಸುಮಾರು ಶೇ 36, ಹೈಕೋರ್ಟ್‌ಗಳಲ್ಲಿ ಶೇ 13ರ ಆಸುಪಾಸು. ಆಗ ಸುಪ್ರೀಂ ಕೋರ್ಟಿನ 34 ಹುದ್ದೆಗಳಲ್ಲಿ ಮೂವರು. ಕೆಳಗೆ ಪರೀಕ್ಷೆ ಬರೆದು ಬರುತ್ತಾರೆ. ಮೇಲಕ್ಕೆ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಗುಂಪು, ಆರಿಸಬೇಕು. ಪರೀಕ್ಷೆ ಇದ್ದ ಕಡೆ ಹೆಣ್ಣುಮಕ್ಕಳು ಬಂದಿದ್ದಾರೆ. ಇದನ್ನು ಬಿಟ್ಟು ‘ಮಹಿಳೆಯರಲ್ಲಿ ಆತ್ಮವಿಶ್ವಾಸದ ಕೊರತೆ’ ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ನನಗೆ ನಿಜಕ್ಕೂ ಬೇಜಾರಾಯಿತು.

ಈಗ ನಾಲ್ಕನೇ ಪುಟ. ಸಿವಿಲ್ ಜಡ್ಜ್ ಆಗಿರುವ ನಿಮ್ಮ ದೊಡ್ಡಮ್ಮನ ಮಗಳ ಬಗ್ಗೆ ಆರು ಸಾಲು ಬರೆದಿದ್ದೀರಿ. ಮಗುವಿಗೆ ಏಳು ತಿಂಗಳಾದಾಗ ವರ್ಗಾವಣೆ. ಹೊಸ ಕೋರ್ಟಿನಲ್ಲಿ ಚೇಂಬರಿಗೆ ಶೌಚಾಲಯವಿಲ್ಲ. ಬೆಳಿಗ್ಗೆ ಕಲಾಪ ಶುರುವಾದರೆ ಮಧ್ಯಾಹ್ನದ ತನಕ ಅವರು ನೀರೇ ಕುಡಿಯುತ್ತಿರಲಿಲ್ಲ. ಮೇಜಿನ ಮೇಲೆ ತುಂಬಿದ ಬಾಟಲಿ ಹಾಗೇ ಇರುತ್ತಿತ್ತು ಎಂದಿದ್ದೀರಿ. ಆ ಬಾಟಲಿ ಎರಡು ದಿನ ನನ್ನ ತಲೆಯಿಂದ ಹೋಗಿಲ್ಲ. ಇಡೀ ಲೇಖನದಲ್ಲಿ ನಾನು ಪೂರ್ತಿ ನಂಬಿದ್ದು ಅದನ್ನೇ.

ಅಲ್ಲಿಂದ ಶುರು ಮಾಡಿ. ಊರಿನ ಹೆಸರು ಬೇಡ, ಅಕ್ಕನ ಹೆಸರೂ ಬೇಡ. ಅವರು ಇನ್ನೂ ಕೆಲಸದಲ್ಲಿದ್ದಾರೆ, ಮೊದಲು ಅವರ ಒಪ್ಪಿಗೆ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಬೇಕು. ಒಪ್ಪಿದರೆ ಒಂದು ದಿನದ ಕೆಲಸ ಹೇಗಿರುತ್ತದೆ ಎಂದು ಕೂತು ಕೇಳಿ. ದಿನಕ್ಕೆ ಎಷ್ಟು ಕೇಸು, ರಾತ್ರಿ ತೀರ್ಪು ಬರೆಯುವುದು ಎಷ್ಟು ಹೊತ್ತಿಗೆ, ಹಿರಿಯ ವಕೀಲರು ಅವರ ಎದುರು ಹೇಗೆ ಮಾತಾಡುತ್ತಾರೆ. ಅವರನ್ನು ದೇವತೆ ಮಾಡಬೇಡಿ. ಸಿಟ್ಟು ಬಂದ ದಿನ, ತಪ್ಪಿದ ದಿನ ಇದ್ದರೆ ಅದೂ ಇರಲಿ.

ನಾನು ಮೇಲೆ ಹೇಳಿದ್ದನ್ನೆಲ್ಲ ಸುಮ್ನೆ ತುರುಕಬೇಡಿ. ಅಕ್ಕನ ಕತೆಗೆ ಬೇಕಾದಷ್ಟೇ ತೆಗೆದುಕೊಳ್ಳಿ. ಒಂದೂವರೆ ಸಾವಿರ ಪದ ಮೀರದಿರಲಿ. ತಿಂಗಳಾದರೂ ಪರವಾಗಿಲ್ಲ, ನಾನು ಕಾಯುತ್ತೇನೆ. ಮತ್ತೆ, ಆ ಏಳು ತಿಂಗಳ ಮಗುವನ್ನು ಅಲ್ಲಿ ಯಾರು ನೋಡಿಕೊಂಡರು ಎಂದು ನೀವು ಬರೆದೇ ಇಲ್ಲ. ಮೊದಲು ಅದನ್ನು ಕೇಳಿ.