ಸ್ಟ್ರ್ಯಾಟ್‌ಗೆ ಉದ್ದದ ನೆಕ್ ಹಾಕಿದರೆ ಬ್ಯಾರಿಟೋನ್ ಆಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಸ್ಕ್ವೈಯರ್ ಸ್ಟ್ರ್ಯಾಟ್ (ಫೆಂಡರ್‌ನವರ ಕಡಿಮೆ ಬೆಲೆಯ ಬ್ರ್ಯಾಂಡಿನ ಎಲೆಕ್ಟ್ರಿಕ್ ಗಿಟಾರ್) ಒಂದಿದೆ, ಈಗ ಜಾಸ್ತಿ ನುಡಿಸುವುದಿಲ್ಲ. ನಮ್ಮ ಬ್ಯಾಂಡಿನಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಇದ್ದಾನೆ, ಇಬ್ಬರೂ ಅದೇ ಕಾರ್ಡ್ ಬಾರಿಸಿದರೆ ಎಲ್ಲ ಕಲಸಿಹೋಗುತ್ತೆ. ಹೊಸ ಬ್ಯಾರಿಟೋನ್ (ಉದ್ದ ತಂತಿಯ, ಕೆಳಗಿನ ಶ್ರುತಿಯ ಗಿಟಾರ್) ಕೊಳ್ಳುವ ಬದಲು ನೆಕ್ ಮಾತ್ರ ಬದಲಿಸಿದರೆ ಸಾಕು ಅಂತಾರೆ. ನಿಜವಾ? ಬ್ರಿಡ್ಜ್ ಕಿತ್ತು ಬೇರೆ ಕಡೆ ಕೂರಿಸಬೇಕಾ? ಯಾವ ತಂತಿ ಹಾಕಲಿ?
(ಮಂಗಳೂರಿನ ಓದುಗರು)

ಉತ್ತರ: ನಿಜ. ಬ್ರಿಡ್ಜ್ ಮುಟ್ಟಬೇಕಾಗಿಲ್ಲ. ಆದರೆ "ಬ್ಯಾರಿಟೋನ್ ನೆಕ್" ಅಂತ ಸಿಕ್ಕಿದ್ದನ್ನೆಲ್ಲ ತಂದು ಕೂರಿಸೋಕೆ ಆಗಲ್ಲ. ನಿಮಗೆ ಬೇಕಾಗಿರುವುದು ಕನ್ವರ್ಷನ್ ನೆಕ್, ಅಂದರೆ ಈಗಿನ ಬಾಡಿಗೇ ಹೊಂದುವ ಹಾಗೆ ಮಾಡಿದ ಉದ್ದದ ನೆಕ್.

ಇದರ ಲೆಕ್ಕ ಚೆನ್ನಾಗಿದೆ, ಸ್ವಲ್ಪ ಕೇಳಿ. ಸ್ಟ್ರ್ಯಾಟ್‌ನ ಸ್ಕೇಲ್ ಉದ್ದ, ಅಂದರೆ ನಟ್‌ನಿಂದ (ತಲೆಯ ಹತ್ತಿರ ತಂತಿಗಳು ಕೂರುವ ಸೀಳುಗಳ ಪಟ್ಟಿ) ಬ್ರಿಡ್ಜ್‌ವರೆಗಿನ ತಂತಿಯ ಉದ್ದ, 25.5 ಇಂಚು. ಈ ನೆಕ್‌ನ ಮೊದಲ ಫ್ರೆಟ್‌ಗಿಂತ ಹಿಂದೆ, ತಲೆಯ ಕಡೆಗೆ, ಇನ್ನೂ ಎರಡು ಫ್ರೆಟ್ ಸೇರಿಸುತ್ತಾ ಹೋದರೆ ಸ್ಕೇಲ್ ಸುಮಾರು 28⅝ ಇಂಚು ಆಗುತ್ತೆ. ಒಂದೇ ಫ್ರೆಟ್ ಸೇರಿಸಿದರೆ 27 ಇಂಚು. ಅಂಗಡಿಗಳಲ್ಲಿ ಕಾಣುವ ಈ ಎರಡು ಅಳತೆಗಳು ಸುಮ್ನೆ ಬಂದಿದ್ದಲ್ಲ. ಬಾಡಿ ಕಡೆಯ ಭಾಗ ಇದ್ದ ಹಾಗೇ ಇರುತ್ತೆ, ನೆಕ್ ಬೆಳೆಯುವುದು ತಲೆಯ ಕಡೆಗೆ ಮಾತ್ರ. ಅದಕ್ಕೇ ಬ್ರಿಡ್ಜ್ ಇದ್ದಲ್ಲೇ ಇರಬಹುದು. ಫೆಂಡರ್‌ನವರ 1961ರ ಬೇಸ್ ಸಿಕ್ಸ್‌ಗೆ 30 ಇಂಚಿನ ಸ್ಕೇಲ್ ಇದೆ, ಆದರೆ ಆ ನೆಕ್ ಮಾಡಿರುವುದು ಅದರದೇ ಬಾಡಿಗೆ, ನಿಮ್ಮ ಸ್ಟ್ರ್ಯಾಟ್‌ಗೆ ಹಾಕಿದರೆ ಒಂದು ಫ್ರೆಟ್ಟೂ ಶ್ರುತಿಯಲ್ಲಿ ನಿಲ್ಲಲ್ಲ.

ಅಮೆರಿಕದ ವಾರ್ಮತ್ 28⅝ ಇಂಚಿನ ಕನ್ವರ್ಷನ್ ನೆಕ್ ಮಾಡುತ್ತೆ. ಬೇರೆಯವರದೂ ಸಿಗುತ್ತವೆ. ಯಾರ ಹತ್ತಿರ ಕೊಂಡರೂ ದುಡ್ಡು ಕೊಡುವ ಮೊದಲು ಒಂದು ಅಳತೆ ಕೇಳಿ. ನಿಮ್ಮ ಹಳೆಯ ನೆಕ್ ಬಿಚ್ಚಿ, ಪಾಕೆಟ್ (ಬಾಡಿಯಲ್ಲಿ ನೆಕ್ ಕೂರುವ ಗುಳಿ) ಒಳಗೆ ಕೂರುವ ಮರದ ತುದಿಯಿಂದ 12ನೇ ಫ್ರೆಟ್‌ವರೆಗೆ ಅಳೆಯಿರಿ. ಹೊಸ ನೆಕ್ 28⅝ ಇಂಚಿನದಾದರೆ ಅದೇ ತುದಿಯಿಂದ 14ನೇ ಫ್ರೆಟ್‌ಗೆ ಅಷ್ಟೇ ದೂರ ಇರಬೇಕು, 27 ಇಂಚಿನದಾದರೆ 13ನೇ ಫ್ರೆಟ್‌ಗೆ. ಹೆಚ್ಚು ಕಮ್ಮಿ ಒಂದೆರಡು ಮಿಲಿಮೀಟರ್ ಇದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದೆ ಮುಂದೆ ಮಾಡಿ ಸರಿಮಾಡಬಹುದು, ಜಾಸ್ತಿ ಇದ್ದರೆ ಆ ನೆಕ್ ಬೇಡ. ಅಳೆಯುವಾಗ ಮುಂದಕ್ಕೆ ಚಾಚಿಕೊಂಡಿರುವ ಫಿಂಗರ್‌ಬೋರ್ಡ್ ಲೆಕ್ಕಕ್ಕೆ ಹಿಡಿಯಬೇಡಿ, ಕೆಳಗಿನ ಮರ ಎಲ್ಲಿ ಮುಗಿಯುತ್ತೋ ಅಲ್ಲಿಂದ ಹಿಡಿಯಿರಿ.

ಪಾಕೆಟ್‌ನ ಅಗಲವನ್ನೂ ನೋಡಿ. ಫೆಂಡರ್ ಅಳತೆ ಸುಮಾರು 56 ಮಿಲಿಮೀಟರ್. ಕಡಿಮೆ ಬೆಲೆಯ ಸ್ಟ್ರ್ಯಾಟ್‌ಗಳಲ್ಲಿ ಬಾಡಿ ತೆಳ್ಳಗಿರುವುದು, ಪಾಕೆಟ್ ಸ್ವಲ್ಪ ಕಿರಿದಾಗಿರುವುದು ಹೊಸದೇನಲ್ಲ. ಕಿರಿದಾಗಿದ್ದರೆ ಮರಳು ಕಾಗದ ಹಿಡಿದು ಪಾಕೆಟ್ ಉಜ್ಜಬಹುದು. ನೆಕ್ ಉಜ್ಜಬೇಡಿ. ಟೆಲಿಕ್ಯಾಸ್ಟರ್ ನೆಕ್‌ನ ತುದಿ ಚೌಕ, ಸ್ಟ್ರ್ಯಾಟ್‌ದು ದುಂಡು, ಆರ್ಡರ್ ಮಾಡುವಾಗ ಇದೂ ನೆನಪಿರಲಿ.

ಈಗ ತಂತಿ. ಮೊದಲು ಶ್ರುತಿ ತೀರ್ಮಾನ ಮಾಡಿ, ಆಮೇಲೆ ತಂತಿ ಕೊಳ್ಳಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. 28⅝ ಇಂಚಿನ ನೆಕ್‌ಗೆ ನಿಮ್ಮ ಈಗಿನ 10-46 ಸೆಟ್ಟನ್ನೇ (ತೆಳು ತಂತಿಯ ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿ ಡಿಯಿಂದ ಡಿಗೆ, ಅಂದರೆ ಎಲ್ಲ ತಂತಿಯನ್ನೂ ಒಂದು ಟೋನ್ ಇಳಿಸಿ ಶ್ರುತಿ ಮಾಡಿದರೆ ಬಿಗಿ ಈಗಿನಷ್ಟೇ ಇರುತ್ತೆ. ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಅದು ನಿಮ್ಮ ಹಳೇ ಸ್ಟ್ರ್ಯಾಟ್ಟೇ! ಬಿಯಿಂದ ಬಿಗೆ ಇಳಿಸಬೇಕಾದರೆ ಅದೇ ಬಿಗಿಗೆ 12-56ರ ಹತ್ತಿರ ಬೇಕು, ಎಗೆ ಇಳಿಸಿದರೆ 13-62. ಡಾಡಾರಿಯೋ ಬ್ಯಾರಿಟೋನ್ ಸೆಟ್‌ಗಳಲ್ಲಿ 13-62, 14-68 ಎರಡೂ ಬರುತ್ತವೆ. ನನ್ನ ಮಾತು ಕೇಳುವುದಾದರೆ ನಿಮಗೆ ಬಿ ಸಾಕು. ಇನ್ನೊಬ್ಬ ಗಿಟಾರಿಸ್ಟ್‌ಗಿಂತ ಕೆಳಗೆ ಕೇಳಿಸುತ್ತೀರಿ, ಬೇಸ್‌ನವರ ಜಾಗಕ್ಕೂ ನುಗ್ಗುವುದಿಲ್ಲ. ಎಗೆ ಇಳಿದರೆ ಬೇಸ್‌ನವರ ಜೊತೆ ಜಗಳ ಶುರು. ಸೆಟ್ ಆರಿಸುವಾಗ ಮೂರನೇ ತಂತಿ ಸುತ್ತು ತಂತಿಯೇ ಇರಲಿ. 24 ದಪ್ಪದ ಬೋಳು ತಂತಿ ಹಾಕಿದರೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಏರಿಕೊಂಡು ಕೂರುತ್ತೆ, ಸ್ಯಾಡಲ್ ಎಷ್ಟು ಹಿಂದೆ ಎಳೆದರೂ ಸಾಲಲ್ಲ.

ಕೂರಿಸುವ ಕೆಲಸ. ಹೊಸ ನೆಕ್‌ನಲ್ಲಿ ಸ್ಕ್ರೂ ತೂತು ಇಲ್ಲದೇ ಬಂದರೆ ಒಳ್ಳೆಯದೇ, ನಿಮ್ಮ ಬಾಡಿಗೆ ಸರಿಯಾಗಿ ಹಾಕಿಕೊಳ್ಳಬಹುದು. ನೆಕ್ ಪಾಕೆಟ್‌ನಲ್ಲಿ ಇಟ್ಟು, ನಟ್‌ನ ಎರಡು ಅಂಚಿನ ಸೀಳುಗಳಿಂದ ಬ್ರಿಡ್ಜ್‌ನ ಅಂಚಿನ ಸ್ಯಾಡಲ್‌ಗಳಿಗೆ ಎರಡು ನೂಲು ಬಿಗಿಯಾಗಿ ಎಳೆಯಿರಿ. ಕೊನೆಯ ಫ್ರೆಟ್ ಹತ್ತಿರ ಬಂದು ನೋಡಿ: ನೂಲಿನಿಂದ ಫಿಂಗರ್‌ಬೋರ್ಡ್ ಅಂಚಿಗೆ ಎರಡೂ ಕಡೆ ಒಂದೇ ಜಾಗ ಉಳಿಯಬೇಕು. ಉಳಿಯದಿದ್ದರೆ ನೆಕ್ಕನ್ನು ಕೂದಲೆಳೆಯಷ್ಟು ಓರೆ ಮಾಡಿ. ಸರಿಹೋದಾಗ ಕ್ಲ್ಯಾಂಪ್ ಹಾಕಿ, ಬಾಡಿಯ ತೂತಿನಿಂದಲೇ ಗುರುತು ಮಾಡಿಕೊಂಡು, ನೆಕ್ ತೆಗೆದು ಡ್ರಿಲ್ ಮಾಡಿ. ಮೇಪಲ್ ಮರಕ್ಕೆ ಸಾಮಾನ್ಯ ನೆಕ್ ಸ್ಕ್ರೂ ಆದರೆ ಸುಮಾರು 3.2 ಮಿಲಿಮೀಟರ್ ಬಿಟ್ ಸರಿ. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಇಟ್ಟುಕೊಳ್ಳಿ, ಇಲ್ಲದಿದ್ದರೆ ಫಿಂಗರ್‌ಬೋರ್ಡ್‌ನ ಆಚೆ ಬೆಳಕು ಕಾಣುತ್ತೆ. ಸ್ಕ್ರೂಗೆ ಸ್ವಲ್ಪ ಮೇಣದಬತ್ತಿ ಸವರಿ. ಬಾಡಿಯ ತೂತಿನಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ಹಿಡಿಯಬೇಕಾದ್ದು ನೆಕ್‌ನಲ್ಲಿ ಮಾತ್ರ. ಇಷ್ಟೆಲ್ಲ ಮಾಡಲು ಮನಸ್ಸಿಲ್ಲ ಅಂದರೆ ಒಳ್ಳೆಯ ಗಿಟಾರ್ ರಿಪೇರಿಯವರಿಗೆ ಕೊಡಿ, ಇದು ಅವರಿಗೆ ದೊಡ್ಡ ಕೆಲಸವಲ್ಲ.

ಆದರೆ ನಟ್ ಮಾತ್ರ ನೀವು ಮುಟ್ಟಬೇಡಿ. ಅದರ ಸೀಳುಗಳು 46ರ ತಂತಿಗೆ ಕೊರೆದಿದ್ದರೆ 56 ಒಳಗೆ ಇಳಿಯದೆ ಮೇಲೆಯೇ ಕೂರುತ್ತೆ. ಶ್ರುತಿ ಮಾಡುವಾಗ ಸಿಕ್ಕಿಹಾಕಿಕೊಂಡು "ಟಣ್" ಅಂತ ಹಾರುತ್ತೆ. ಸರಿಯಾದ ಅಗಲದ ನಟ್ ಅರಗಳು ಇರುವವರ ಹತ್ತಿರವೇ ಮಾಡಿಸಿ. ತಂತಿ ಬಿಗಿಸುವ ಟ್ಯೂನರ್‌ಗಳ ತೂತು ಎಷ್ಟು ಅಗಲ ಬೇಕೆಂದು ನೆಕ್ ಆರ್ಡರ್ ಮಾಡುವಾಗಲೇ ಹೇಳಬೇಕು.

ನೀವು ಮಂಗಳೂರಿನವರು ಅಂದದ್ದು ಒಳ್ಳೆಯದಾಯಿತು. ಬೋಳು ಮೇಪಲ್ ನೆಕ್ ತರಿಸಿ ಹಾಗೇ ಬಿಟ್ಟರೆ ಒಂದು ಮಳೆಗಾಲದಲ್ಲಿ ಬಾಗಿಹೋಗಬಹುದು. ಫಿನಿಶ್ ಹಾಕಿದ್ದನ್ನೇ ತರಿಸಿ, ಇಲ್ಲವೇ ಹುರಿದ ಮೇಪಲ್ ಕೇಳಿ, ಅದು ತೇವ ಕಮ್ಮಿ ಹೀರುತ್ತೆ. ಫಿಂಗರ್‌ಬೋರ್ಡ್‌ಗೆ "ಇಂಡಿಯನ್ ರೋಸ್‌ವುಡ್" ಅಂತ ಪಟ್ಟಿಯಲ್ಲಿ ಕಂಡರೆ ಅದು ನಮ್ಮ ಬೀಟೆ ಮರವೇ. ಪಶ್ಚಿಮ ಘಟ್ಟದ ಜಾತಿಯ ಮರ ಅಮೆರಿಕ ಸುತ್ತಿ ಕಸ್ಟಮ್ಸ್ ಕಟ್ಟಿಸಿಕೊಂಡು ವಾಪಸ್ ಬರುವುದು ತಮಾಷೆ ಅಲ್ವಾ!

ಕೈಗೆ ಏನು ವ್ಯತ್ಯಾಸ? ಮೊದಲ ಫ್ರೆಟ್ 36 ಮಿಲಿಮೀಟರ್ ಇದ್ದದ್ದು ಸುಮಾರು 41 ಆಗುತ್ತೆ. ಎಫ್ ಆಕಾರದ ಬ್ಯಾರೆ ಕಾರ್ಡ್‌ಗೆ ಒಂದು ವಾರ ಬೆರಳು ಗೊಣಗುತ್ತೆ. ತಲೆ ಸುಮಾರು 8 ಸೆಂಟಿಮೀಟರ್ ಹೊರಗೆ ಹೋಗುವುದರಿಂದ ಈಗಿನ ಚೀಲದ ಜಿಪ್ ಹಾಕಲು ಬರದಿರಬಹುದು, ಬೇಸ್ ಗಿಟಾರ್ ಚೀಲ ನೋಡಿ.

ಕೊಳ್ಳುವ ಮೊದಲು ಒಂದು ಮಾತು. ನೆಕ್, ಟ್ಯೂನರ್, ಸಾಗಣೆ, ಸುಂಕ ಎಲ್ಲ ಸೇರಿ ಸ್ಕ್ವೈಯರ್‌ನ ಬೆಲೆಯನ್ನೇ ದಾಟಬಹುದು. ಮೊದಲು ಈಗಿನ ನೆಕ್‌ಗೇ, ನಟ್ ಮೇಲೆ ಹೇಳಿದ ಹಾಗೆ ಸರಿಮಾಡಿಸಿ, 12-56 ಹಾಕಿ ಸಿಗೆ ಇಳಿಸಿ ಒಂದೆರಡು ವಾರ ಬ್ಯಾಂಡ್ ಜೊತೆ ನುಡಿಸಿ. ಅಷ್ಟೇ ಸಾಕಾದರೆ ದುಡ್ಡು ಉಳಿಯಿತು. ತಂತಿ ಸಡಿಲ, ಕೆಳಗಿನ ಸ್ವರ ಮಸುಕು ಅನ್ನಿಸಿದರೆ ಆಗ ನೆಕ್ ತರಿಸಿ.

ಪ್ರಶ್ನೆ: ನನ್ನದು ಲೆಸ್ ಪಾಲ್. ಇದಕ್ಕೂ ಆಗುತ್ತಾ? (ಹಾಸನ)

ಉತ್ತರ: ಗಿಬ್ಸನ್, ಎಪಿಫೋನ್ ಲೆಸ್ ಪಾಲ್‌ಗಳಲ್ಲಿ ನೆಕ್ ಸಾಮಾನ್ಯವಾಗಿ ಅಂಟಿಸಿದ್ದು, ಬಿಚ್ಚಲು ಬರಲ್ಲ. ಸ್ಕ್ರೂ ಇರುವ ನಕಲುಗಳಿದ್ದರೂ ಸ್ಕೇಲ್ 24.75ರ ಹತ್ತಿರ ಇರುತ್ತೆ, ಫೆಂಡರ್ ಅಳತೆಯ ಕನ್ವರ್ಷನ್ ನೆಕ್ ಹೊಂದಲ್ಲ. ದಪ್ಪ ತಂತಿಯಲ್ಲೇ ತೃಪ್ತಿಪಡಿ, ಇಲ್ಲವೇ ಬೇರೆ ಗಿಟಾರ್.

ಪ್ರಶ್ನೆ: ಮನೆಯ ಚಿಕ್ಕ ಪ್ರಾಕ್ಟೀಸ್ ಆಂಪ್ ಬ್ಯಾರಿಟೋನ್‌ಗೆ ಹಾಳಾಗುತ್ತಾ? (ಬೆಂಗಳೂರು)

ಉತ್ತರ: ಇಲ್ಲ. ಕೆಳಗಿನ ಬಿ ಸುಮಾರು 62 ಹರ್ಟ್ಜ್, ಬೇಸ್ ಗಿಟಾರ್‌ನ ಕೆಳಗಿನ ಇ 41. ಚಿಕ್ಕ ಸ್ಪೀಕರ್‌ನಲ್ಲಿ ಮೂಲ ಸ್ವರ ಸಣ್ಣಗೆ ಬಂದರೂ ಅದರ ಮೇಲಿನ ಹಾರ್ಮೋನಿಕ್‌ಗಳಿಂದ ಕಿವಿಗೆ ಸ್ವರ ಗೊತ್ತಾಗುತ್ತೆ. ಬೇಸ್ ನಾಬ್ ಅರ್ಧಕ್ಕಿಂತ ಕೆಳಗೆ ಇಡಿ, ನೆಕ್ ಪಿಕಪ್ ಬಿಟ್ಟು ಬ್ರಿಡ್ಜ್ ಅಥವಾ ನಡುವಿನ ಪಿಕಪ್ ಬಳಸಿ.