ಹಾರ್ನ್ ಕೈಕೊಡುತ್ತಿದೆ, ಏರ್‌ಬ್ಯಾಗ್ ದೀಪವೂ ಆರುತ್ತಿಲ್ಲ ಅಂದವರಿಗೆ

ಸ್ಟೀರಿಂಗ್ ತಿರುಗಿಸುವಾಗ ಹಾರ್ನ್ ಬಂದು ಹೋಗುತ್ತೆ, ಏರ್‌ಬ್ಯಾಗ್ ದೀಪ ಆರುತ್ತಿಲ್ಲ, ಮೆಕ್ಯಾನಿಕ್ ಇಸಿಯು (ಏರ್‌ಬ್ಯಾಗ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಿ ಅಂತಿದ್ದಾರೆ ಅಂದಿದ್ದೀರಿ. ಸದ್ಯಕ್ಕೆ ಒಪ್ಪಬೇಡಿ. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಟೀರಿಂಗ್ ಚಕ್ರದ ಹಿಂದೆ ಸುರುಳಿ ಸುತ್ತಿಕೊಂಡಿರುವ ಚಪ್ಪಟೆ ತಂತಿಪಟ್ಟಿ ಅದು. ಚಾಲಕನ ಏರ್‌ಬ್ಯಾಗಿಗೂ ಹಾರ್ನಿಗೂ ಕರೆಂಟ್ ಹೋಗುವುದು ಅದರ ಮೂಲಕವೇ. ಪಟ್ಟಿ ಸವೆದು ತುಂಡಾದರೆ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಏರುತ್ತೆ, ಇಸಿಯು ದೋಷ ದಾಖಲಿಸಿ ದೀಪ ಹಚ್ಚುತ್ತೆ.

ಖಾತ್ರಿಗೆ ಸ್ಕ್ಯಾನ್ ಮಾಡಿಸಿ. ಗಾಡಿಯ ದೋಷದ ಕೋಡ್ ಓದುವ ಅಗ್ಗದ ಓಬಿಡಿ ರೀಡರ್‌ಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಸ್‌ಆರ್‌ಎಸ್, ಅಂದರೆ ಏರ್‌ಬ್ಯಾಗ್ ವ್ಯವಸ್ಥೆಯ ಕೋಡ್ ಓದುವ ಸ್ಕ್ಯಾನರ್ ಬೇಕು. ಡ್ರೈವರ್ ಏರ್‌ಬ್ಯಾಗ್ ಸರ್ಕ್ಯೂಟ್ ಓಪನ್ ಅಥವಾ ಹೈ ರೆಸಿಸ್ಟೆನ್ಸ್ ಅಂತ ಬಂದರೆ ಕ್ಲಾಕ್ ಸ್ಪ್ರಿಂಗ್ ಮತ್ತು ಅದರ ಕನೆಕ್ಟರ್ ನೋಡಿಸಿ. ಸೈಡ್ ಏರ್‌ಬ್ಯಾಗ್ ಅಂತ ಬಂದರೆ ಸೀಟಿನಡಿಯ ಹಳದಿ ಕನೆಕ್ಟರ್ ಸಡಿಲಾಗಿರಬಹುದು. ಸೀಟ್ ಬಿಚ್ಚಿ ತೊಳೆದ ಗಾಡಿಗಳಲ್ಲಿ ಇದು ಮಾಮೂಲು.

ಬಿಚ್ಚುವ ಮುನ್ನ ಚಕ್ರಗಳು ನೇರ ಇರಲಿ, ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ಕಳಚಿ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಯಾಕಂದ್ರೆ ಇಸಿಯುವಿನ ಕೆಪಾಸಿಟರ್‌ನಲ್ಲಿ ಏರ್‌ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಉಳಿದಿರುತ್ತೆ. ಏರ್‌ಬ್ಯಾಗಿಗೆ ಮಲ್ಟಿಮೀಟರ್ ಹಚ್ಚಲೇಬಾರದು, ಆ ಸಣ್ಣ ಕರೆಂಟಿಗೂ ಸಿಡಿಯಬಹುದು. ಹೊಸ ಕ್ಲಾಕ್ ಸ್ಪ್ರಿಂಗ್‌ನ ನಡುಗುರುತು ಹೊಂದಿಸದೆ ಕೂರಿಸಿದರೆ ಪೂರ್ತಿ ತಿರುವಿನಲ್ಲಿ ಮತ್ತೆ ಹರಿಯುತ್ತೆ.

ದೀಪ ಆರಿಸಲು ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಬ್ಯಾಗಿನ ಬದಲು ರೆಸಿಸ್ಟರ್ ಹಾಕಿ ಇಸಿಯುವನ್ನು ನಂಬಿಸುವವರೂ ಇದ್ದಾರೆ. ದೀಪ ಆರುತ್ತೆ, ಗುದ್ದಿದಾಗ ಬ್ಯಾಗ್ ತೆರೆಯಲ್ಲ.