ಮಗ ಓದುತ್ತಿದ್ದಾನೆ, ನೀವು ಕೊಟ್ಟಿದ್ದನ್ನಲ್ಲ ಅಷ್ಟೇ

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಚಿಕ್ಕವನಿದ್ದಾಗ ಕತೆ ಹೇಳದಿದ್ದರೆ ಮಲಗುತ್ತಿರಲಿಲ್ಲ. ಈಗ ಪುಸ್ತಕ ಅಂದರೆ ಮುಖ ತಿರುಗಿಸುತ್ತಾನೆ. ನಮ್ಮ ಯಜಮಾನರಿಗೆ ಓದಿನ ಹುಚ್ಚು, ಮನೆಯಲ್ಲಿ ಬೀರು ತುಂಬ ಕಾದಂಬರಿಗಳಿವೆ. ದಿನಾ ಒಂದು ಗಂಟೆ ಕನ್ನಡ ಪುಸ್ತಕ ಓದಿದರೆ ಮಾತ್ರ ಫೋನು ಅಂತ ನಿಯಮ ಮಾಡಿದ್ದಾರೆ. ಇವನು ಪುಸ್ತಕ ಹಿಡಿದು ಗಡಿಯಾರ ನೋಡುತ್ತಾ ಕೂರುತ್ತಾನೆ. ಕಳೆದ ವಾರ ಸ್ನೇಹಿತನಿಂದ ತಂದ ಜಪಾನಿ ಕಾಮಿಕ್ಸ್ ಓದುತ್ತಿದ್ದಾಗ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವತ್ತಿನಿಂದ ಅಪ್ಪ ಮಗ ಮಾತು ಬಿಟ್ಟಿದ್ದಾರೆ. ಒತ್ತಾಯ ಮಾಡಬೇಕಾ, ಸುಮ್ನೆ ಬಿಟ್ಟುಬಿಡಬೇಕಾ?
ಹೆಸರು ಬೇಡ, ಚಿತ್ರದುರ್ಗ

ಉತ್ತರ: ಮೊದಲು ಆ ಕಾಮಿಕ್ಸ್ ವಾಪಸ್ ಕೊಡಿಸಿ. ಇವತ್ತೇ. ಅದು ಸ್ನೇಹಿತನ ಪುಸ್ತಕ. ಅವನು ಕೇಳಿದಾಗ ‘ನಮ್ಮಪ್ಪ ಕಿತ್ಕೊಂಡ್ರು’ ಅಂತ ಹೇಳಬೇಕಾದರೆ ಈ ವಯಸ್ಸಿನ ಹುಡುಗನಿಗೆ ಎಂಥ ಅವಮಾನ, ಯೋಚಿಸಿ. ನೀವು ಕದ್ದು ತೆಗೆದುಕೊಡುವುದು ಬೇಡ, ಅವರಪ್ಪನೇ ಬೀಗ ತೆಗೆದು ಕೊಡಲಿ. ಉದ್ದದ ಮಾತೇನೂ ಬೇಕಾಗಿಲ್ಲ. ‘ತಗೋ, ಇದರ ಕತೆ ಏನು, ನನಗೂ ಸ್ವಲ್ಪ ಹೇಳು’ ಅಂದರೆ ಸಾಕು.

ನಿಜ ಹೇಳಬೇಕೆಂದರೆ, ನಿಮ್ಮ ಪತ್ರದಲ್ಲಿ ನನಗೆ ಸಂತೋಷ ಕೊಟ್ಟಿದ್ದೇ ಆ ಕಾಮಿಕ್ಸ್. ಯಾರೂ ಹೇಳದೆ, ತಾನಾಗಿಯೇ ಸ್ನೇಹಿತನ ಹತ್ತಿರ ಕೇಳಿ ತಂದು ಓದುತ್ತಿದ್ದಾನಲ್ಲ! ಜಪಾನಿನ ಈ ಕಾಮಿಕ್ಸ್‌ಗೆ ಮಾಂಗಾ ಅಂತಾರೆ. ಇಂಗ್ಲಿಷಿಗೆ ಬಂದಮೇಲೂ ಸಾಮಾನ್ಯವಾಗಿ ಬಲದಿಂದ ಎಡಕ್ಕೇ ಓದಬೇಕು. ನಮಗೆ ಕೊನೆಯ ಪುಟ ಅನ್ನಿಸುವ ಕಡೆಯಿಂದ ಅದು ಶುರುವಾಗುತ್ತದೆ. ‘ಒನ್ ಪೀಸ್’ ಅನ್ನುವ ಒಂದೇ ಕತೆ 1997ರಲ್ಲಿ ಶುರುವಾಗಿ ನೂರು ಸಂಪುಟ ದಾಟಿದೆ. ಅಷ್ಟೊಂದು ಪಾತ್ರ, ಊರು, ಜಗಳಗಳನ್ನು ತಲೆಯಲ್ಲಿಟ್ಟುಕೊಂಡು ಓದುವ ಹುಡುಗರನ್ನು ಓದುವುದಿಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮಾಂಗಾದಲ್ಲಿ ದೊಡ್ಡವರಿಗೆಂದೇ ಬರೆದವೂ ಇವೆ, ಅದಕ್ಕೆ ಹೆದರಿದ್ದರೆ ತಪ್ಪಿಲ್ಲ. ಎಷ್ಟೋ ಪುಸ್ತಕಗಳ ಹಿಂದಿನ ಹೊದಿಕೆಯಲ್ಲಿ ಯಾವ ವಯಸ್ಸಿನವರಿಗೆ ಅಂತ ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿ, ಅನುಮಾನ ಬಂದರೆ ಅವನನ್ನೇ ಕೇಳಿ.

ಇನ್ನು ಆ ಒಂದು ಗಂಟೆಯ ನಿಯಮ. ದಯವಿಟ್ಟು ತೆಗೆದುಹಾಕಿ. ಫೋನು ಬಹುಮಾನ, ಪುಸ್ತಕ ಅದಕ್ಕೆ ಕಟ್ಟುವ ದಂಡ ಅಂತ ನಾವೇ ಕಲಿಸಿಕೊಟ್ಟ ಹಾಗಾಗುತ್ತದೆ. ಫೋನಿಗೆ ಮಿತಿ ಬೇಕೇ ಬೇಕು. ರಾತ್ರಿ ಒಂಬತ್ತೂವರೆಯಾದರೆ ಮನೆಮಂದಿಯ ಫೋನೆಲ್ಲ ಹಾಲ್‌ನಲ್ಲಿ ಚಾರ್ಜಿಗೆ ಹೋಗಲಿ, ನಿಮ್ಮಿಬ್ಬರದೂ ಸೇರಿ. ಆದರೆ ಅದಕ್ಕೂ ಓದಿಗೂ ಗಂಟು ಹಾಕಬೇಡಿ.

ನೀವು ಬರೆಯದೆ ಬಿಟ್ಟ ಒಂದು ವಿಷಯವೂ ಇರಬಹುದು. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾರೆ, ಓದಲು ಕೂತರೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾರೆ. ಅಕ್ಷರ ಕೂಡಿಸಿ ಕೂಡಿಸಿ ಸಾಲು ಮುಗಿಸುವಷ್ಟರಲ್ಲಿ ಕತೆ ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ. ಹೇಳಿಕೊಳ್ಳಲು ನಾಚಿಕೆ, ಹಾಗಾಗಿ ‘ಬೋರು’ ಅಂತಾರೆ. ಅಂಥವನ ಕೈಗೆ ಅಪ್ಪನ ಬೀರುವಿನಿಂದ ಐನೂರು ಪುಟದ ಕಾದಂಬರಿ ಕೊಟ್ಟರೆ ಗಡಿಯಾರ ನೋಡದೆ ಇನ್ನೇನು ಮಾಡಿಯಾನು? ಇಲ್ಲಿ ನಿಮ್ಮ ಯಜಮಾನರ ಓದಿನ ಹುಚ್ಚು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅವರು ಜೋರಾಗಿ ಓದಲಿ, ಮಗ ಕೇಳಲಿ. ಊಟ ಆದಮೇಲೆ ಹದಿನೈದು ನಿಮಿಷ. ಕತೆ ಕೇಳದೆ ಮಲಗದಿದ್ದ ಹುಡುಗ ತಾನೇ? ದೊಡ್ಡವನಾದ ಅಂತ ಕೇಳುವ ಸುಖ ಹೋಗಿರುವುದಿಲ್ಲ. ಕುತೂಹಲ ಏರಿದ ಕಡೆ ನಿಲ್ಲಿಸಿ, ಪುಸ್ತಕವನ್ನು ಟೇಬಲ್ ಮೇಲೆ ಬಿಟ್ಟು ಎದ್ದು ಹೋಗಲಿ.

ಯಾವ ಪುಸ್ತಕ? ನಿಮ್ಮೂರಿನ ಹುಡುಗನಿಗೆ ನಾನು ಮೊದಲು ಕೊಡುವುದು ಕೆನೆತ್ ಆಂಡರ್ಸನ್ ಅವರನ್ನು. ಬೆಂಗಳೂರಿನಲ್ಲೇ ಇದ್ದ ಬೇಟೆಗಾರ. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ ಹೊಸದುರ್ಗ, ಹೊಳಲ್ಕೆರೆ ಕಡೆಯ ನರಭಕ್ಷಕ ಹುಲಿಯದೇ ಒಂದು ಅಧ್ಯಾಯವಿದೆ. ಬಸ್ಸಿನಲ್ಲಿ ಓಡಾಡಿ ಗೊತ್ತಿರುವ ಊರಿನ ಹೆಸರು ಹುಲಿಯ ಕತೆಯಲ್ಲಿ ಬಂದರೆ ಅವನ ಕಿವಿ ನಿಮಿರದೆ ಇರುತ್ತದಾ? ಇಂಗ್ಲಿಷಿನಲ್ಲೇ ಓದುತ್ತೇನೆ ಅಂದರೆ ಓದಲಿ. ಆಂಡರ್ಸನ್ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಅಂತ ಕನ್ನಡಕ್ಕೂ ತಂದಿದ್ದಾರೆ. ಅಲ್ಲಿಂದ ತೇಜಸ್ವಿಯವರ ‘ಕರ್ವಾಲೊ’ಗೆ ದಾರಿ ಸಲೀಸು. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗಿ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗಿಳಿಯುವ ಸಣ್ಣ ಪುಸ್ತಕ ಅದು. ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ ಅಂತ ಹೇಳಿ, ಉಳಿದದ್ದನ್ನು ಅವನೇ ಫೋನಿನಲ್ಲಿ ಹುಡುಕುತ್ತಾನೆ. ಓಡುವ ಕತೆ ಬೇಕು ಅಂದರೆ ‘ಜುಗಾರಿ ಕ್ರಾಸ್’. ಸ್ವಲ್ಪ ಹಿಡಿತ ಬಂದಮೇಲೆ ಸಿದ್ಧಲಿಂಗಯ್ಯನವರ ‘ಊರುಕೇರಿ’ ಕೊಡಿ. ಬಡತನ, ಜಾತಿಯ ಅವಮಾನ ಎಲ್ಲವನ್ನೂ ಕಂಡ ಬಾಲ್ಯವನ್ನು ಅವರು ನಗಿಸುತ್ತಲೇ ಹೇಳುತ್ತಾರೆ. ಈ ವಯಸ್ಸಿನಲ್ಲಿ ಓದಿದರೆ ಮನಸ್ಸಿನಲ್ಲಿ ಉಳಿಯುತ್ತದೆ.

ಇವು ನನ್ನ ಇಷ್ಟದವು, ಅವನಿಗೆ ಹಿಡಿಸಲೇಬೇಕು ಅಂತೇನೂ ಇಲ್ಲ. ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೋ ಪುಸ್ತಕದಂಗಡಿಗೋ ಕರೆದುಕೊಂಡು ಹೋಗಿ, ಅವನೇ ಆರಿಸಲಿ. ಕ್ರಿಕೆಟ್ ಆಗಲಿ, ದೆವ್ವದ ಕತೆಯಾಗಲಿ, ‘ಇದಾ?’ ಅಂತ ಹುಬ್ಬೇರಿಸಬೇಡಿ. ಮೂವತ್ತು ಪುಟ ಓದಿ ಬೇಡ ಅನ್ನಿಸಿದರೆ ಬಿಡುವ ಹಕ್ಕೂ ಅವನಿಗಿರಲಿ. ದೊಡ್ಡವರು ನಾವು ಹಾಗೇ ಮಾಡುತ್ತೇವೆ ಅಲ್ವಾ? ಓದಿ ಮುಗಿಸಿದಾಗ ‘ಇದರಿಂದ ಏನು ಕಲಿತೆ?’ ಅಂತ ಮಾತ್ರ ಕೇಳಬೇಡಿ, ಶಾಲೆಯಲ್ಲಿ ಅದು ದಿನಾ ಆಗುತ್ತಿರುತ್ತದೆ. (ಹಳ್ಳಿಯಲ್ಲಿರುವ ತಾಯಂದಿರು ಗಮನಿಸಿ: 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿವೆ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ.)

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಟ್ಯೂಷನ್, ಟೆಸ್ಟುಗಳ ಮಧ್ಯೆ ವಾರಗಟ್ಟಲೆ ಪುಸ್ತಕ ಮುಟ್ಟದಿರಬಹುದು, ಆಗ ಗಾಬರಿಯಾಗಬೇಡಿ. ಈ ಪತ್ರವನ್ನು ನಿಮ್ಮ ಯಜಮಾನರಿಗೂ ತೋರಿಸಿ. ಅವರ ಆಸೆ ಒಳ್ಳೆಯದೇ, ಮಗನಿಗೂ ತಮ್ಮ ಸುಖ ಸಿಗಲಿ ಅಂತ ತಾನೇ ಅವರು ಹೀಗೆಲ್ಲ ಮಾಡಿದ್ದು. ಅದನ್ನು ಮಗನ ಎದುರಿಗೆ ಒಮ್ಮೆ ಬಾಯಿಬಿಟ್ಟು ಹೇಳಲಿ. ಇಬ್ಬರೂ ಮಾತಾಡಿದ ದಿನ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.